ಅಕ್ಕನ ಊರಿನ ಮರಳು ದಿಣ್ಣೆ

ನಮ್ಮ ತಂದೆಯವರು ಬಿಟ್ಟುಹೋದ ಮೂರು ಎಕರೆ ಜಮೀನಿನ ಹಳೆಯ ಪತ್ರದಲ್ಲಿ ಜಿಲ್ಲೆಯ ಹೆಸರು ‘ಕೊಯಮತ್ತೂರು’ ಎಂದಿದೆ. ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಜಿಲ್ಲಾ ಕಚೇರಿಯ ಕೆಲಸವಿದ್ದರೆ ನಮ್ಮ ಹಿರಿಯರು ಘಟ್ಟ ಇಳಿದು ಅಲ್ಲಿಗೇ ಹೋಗಬೇಕಿತ್ತು. ಹೀಗಾಗಿ ಹೆಣ್ಣು ಕೊಡುವುದು, ತರುವುದು ಘಟ್ಟದ ಎರಡೂ ಬದಿಗೆ ನಡೆದುಕೊಂಡು ಬಂದಿತ್ತು. 1974ರಲ್ಲಿ ನಮ್ಮ ಅಕ್ಕನನ್ನು ಕಾಂಗೇಯಂ ಹತ್ತಿರದ ಒಂದು ಹಳ್ಳಿಗೆ ಕೊಟ್ಟದ್ದೂ ಹೀಗೆಯೇ. ಅಕ್ಕ ಹೋದಾಗ ಆ ಊರು ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1979ರಲ್ಲಿ ಈರೋಡಿನ ಕಡೆಗೆ ಹೋಯಿತು. 2009ರಿಂದ ತಿರುಪ್ಪೂರು ಜಿಲ್ಲೆ. “ನಾನು ಕೂತ ಜಗಲಿ ಬಿಟ್ಟು ಏಳಲಿಲ್ಲ, ಮೂರು ಜಿಲ್ಲೆ ನೋಡಿಬಿಟ್ಟೆ” ಎಂದು ಅಕ್ಕ ನಗುತ್ತಾಳೆ.

ನಮ್ಮ ಆ ಮೂರು ಎಕರೆ ಇರುವುದು ಊರ ಹೊರಗಿನ ಗುಡ್ಡದ ಇಳಿಜಾರಿನಲ್ಲಿ. ಮರಳು ಬೆರೆತ ಕೆಂಪು ಮಣ್ಣು. ಗುದ್ದಲಿ ಹಾಕಿದರೆ ಒಂದೂವರೆ ಅಡಿಗೆ ಗರುಸು ಸಿಗುತ್ತದೆ, ಅದರ ಕೆಳಗೆ ಬಂಡೆ. ತಂದೆಯವರು ಹುರುಳಿ, ಹುಚ್ಚೆಳ್ಳು ಚೆಲ್ಲಿ ಬಂದಷ್ಟು ಮನೆಗೆ ತರುತ್ತಿದ್ದರು. ಅವರ ಕಾಲವಾದ ಮೇಲೆ ಭೂಮಿ ಬೀಳು ಬಿತ್ತು. ನಾನು ನಿವೃತ್ತನಾಗಿ ಊರಿಗೆ ಬಂದ ನಂತರ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ತೆಂಗಿನ ತೋಟ ಮಾಡೋಣ ಎಂದ. ಅಪ್ಪ ಅಮ್ಮನಿಗೆ ಕೈಖರ್ಚಿಗೊಂದು ದಾರಿಯಾಗಲಿ ಎಂಬುದು ಅವನ ಆಸೆ, ತಪ್ಪೇನಿಲ್ಲ. ಒಂದು ಬೋರ್ 480 ಅಡಿ ಹೋಯಿತು, ಇನ್ನೊಂದು 720 ಅಡಿ. ಎರಡರಲ್ಲೂ ಬಂದದ್ದು ಬಿಳಿ ಧೂಳು. ಮೂರನೆಯದಕ್ಕೆ ಸಾಲ ಮಾಡೋಣ ಎಂದಾಗ ನಮ್ಮಾಕೆಯ ಬಳೆಗಳ ಮಾತು ಬಂತು, ಮಾತಿಗೆ ಮಾತು ಬೆಳೆಯಿತು. “ಅಪ್ಪಾ, ನೀರು ಕೊಡದೆ ಮರಳು ದಿಣ್ಣೆಯಲ್ಲಿ ಏನು ಬೆಳೆಯುತ್ತೆ, ನೀವೇ ಹೇಳಿ. ನೀವು ಸೈನ್ಸ್ ಮೇಷ್ಟ್ರಲ್ವಾ?” ಎಂದ. ಮೂವತ್ತೈದು ವರ್ಷ ಪಾಠ ಮಾಡಿದ ನನಗೆ ಉತ್ತರ ತೋಚಲಿಲ್ಲ.

ಮನಸ್ಸಿನಲ್ಲಿ ಇದನ್ನು ಹೊತ್ತುಕೊಂಡೇ ಕಳೆದ ಅಕ್ಟೋಬರ್‌ನಲ್ಲಿ ಅಕ್ಕನ ಮೊಮ್ಮಗಳ ನಿಶ್ಚಿತಾರ್ಥಕ್ಕೆಂದು ಹೊರಟೆವು. ಚಾಮರಾಜನಗರದಿಂದ ಬಸ್ಸು ಹಾಸನೂರು ದಾಟಿ ದಿಂಬಂ ಘಟ್ಟಕ್ಕೆ ಬರುತ್ತದೆ. ಇಪ್ಪತ್ತೇಳು ತಿರುವುಗಳು. ನಮ್ಮಾಕೆ ಪ್ರತಿ ತಿರುವಿಗೂ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕುಳಿತಿದ್ದಳು. (ಆ ನಿಂಬೆಹಣ್ಣಿನ ಕಥೆ ಮುಂದೆ ಬರುತ್ತದೆ.) ಘಟ್ಟದ ಕೆಳಗೆ ಬಣ್ಣಾರಿ, ಸತ್ಯಮಂಗಲ. ಅಲ್ಲಿಂದ ಹಸಿರು ಕಮ್ಮಿಯಾಗುತ್ತಾ, ಅವಿನಾಶಿ, ತಿರುಪ್ಪೂರು ದಾಟುವ ಹೊತ್ತಿಗೆ ಭೂಮಿಯ ಬಣ್ಣವೇ ಬದಲಾಗುತ್ತದೆ. ದಿಣ್ಣೆಗಳೆಲ್ಲ ಕೆಂಪು, ಹಳ್ಳದ ಬದಿಯ ಹೊಲಗಳು ಕಪ್ಪು. ಅಲ್ಲಲ್ಲಿ ಕೊಡೆ ಬಿಚ್ಚಿ ನಿಂತಂತೆ ಜಾಲಿಮರ. ಕಣ್ಣಿಗೆ ಬಡವಾದ ಸೀಮೆಯೇ ಸರಿ.

ಈ ಬಡತನಕ್ಕೆ ಕಾರಣ ಆಕಾಶದಲ್ಲೂ ಇದೆ. ಪಶ್ಚಿಮ ಘಟ್ಟದ ಗೋಡೆ ಪಾಲಕ್ಕಾಡಿನಲ್ಲಿ ಸುಮಾರು 30 ಕಿಲೋಮೀಟರ್ ಅಗಲಕ್ಕೆ ತೆರೆದುಕೊಂಡಿದೆ. ಆಷಾಢದ ಗಾಳಿ ಕೇರಳದಲ್ಲಿ ತನ್ನ ಮಳೆಯ ಹೆಚ್ಚಿನ ಪಾಲು ಸುರಿಸಿ, ಆ ಬಾಗಿಲಿನಿಂದ ಬರೀ ಜೋರಾಗಿ ಈಚೆಗೆ ನುಗ್ಗುತ್ತದೆ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂದು ತಮಿಳಿನಲ್ಲಿ ಗಾದೆಯೇ ಉಂಟು. ಪಲ್ಲಡಂ, ಉಡುಮಲೈಪೇಟೆಯ ಕಡೆ ನೂರಾರು ಗಾಳಿಯಂತ್ರಗಳು ತಿರುಗುವುದು ಈ ಗಾಳಿಗೇ. ಮಳೆಯ ದೊಡ್ಡ ಪಾಲು ಬರುವುದು ಅಕ್ಟೋಬರ್, ನವೆಂಬರ್‌ನ ಹಿಂಗಾರಿನಲ್ಲಿ, ವರ್ಷಕ್ಕೆಲ್ಲ ಸೇರಿ ಸುಮಾರು 600 ಮಿಲಿಮೀಟರ್.

ನಿಶ್ಚಿತಾರ್ಥ ಮುಗಿದ ಮರುದಿನ ಸಂಜೆ ಭಾವನವರು ನನ್ನನ್ನು ತಮ್ಮ ದಿಣ್ಣೆಗೆ ಕರೆದುಕೊಂಡು ಹೋದರು. ಅವರಿಗೆ ಎಪ್ಪತ್ತಾರು ವರ್ಷ. ಕೈಯಲ್ಲಿ ಕೋಲಿದ್ದರೂ ನನಗಿಂತ ಮುಂದೆ ನಡೆಯುತ್ತಾರೆ. ಐವತ್ತು ವರ್ಷದಿಂದ ಅಕ್ಕನ ಬಾಯಲ್ಲಿ ಕೇಳಿ ಕೇಳಿ ನಮ್ಮ ಕನ್ನಡ ಕಲಿತಿದ್ದಾರೆ, ಅದಕ್ಕೆ ತಮಿಳಿನ ಒಗ್ಗರಣೆ. ದಿಣ್ಣೆಯ ಮೇಲೆ ಕಾಲಿಟ್ಟೊಡನೆ ಚಪ್ಪಲಿಯ ಕೆಳಗೆ ಮರಳು ಕರಕರ ಎಂದಿತು. ಒಂದು ಹಿಡಿ ಎತ್ತಿ ಉಜ್ಜಿದೆ. ಒರಟು ಕಾಳು, ಅಂಟಿಲ್ಲ, ಬೆರಳಿಗೆ ಬಣ್ಣ ಮೆತ್ತಲಿಲ್ಲ.

“ಭಾವ, ಈ ಮಣ್ಣು ನನಗೆ ಗೊತ್ತು. ಇದು ಬಾದಾಮಿಯ ಮಣ್ಣೇ” ಎಂದೆ.

ಹಾಗೆ ಹೇಳುವುದಕ್ಕೆ ಕಾರಣವಿತ್ತು. 1985ರಿಂದ ಏಳು ವರ್ಷ ನಾನು ಬಾದಾಮಿ ತಾಲ್ಲೂಕಿನಲ್ಲಿ ಮೇಷ್ಟ್ರಾಗಿದ್ದೆ. ಆಗ ಅದು ಬಿಜಾಪುರ ಜಿಲ್ಲೆ. ಬಾದಾಮಿಯ ಗುಹಾಲಯಗಳನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ, ಕ್ರಿ.ಶ. 578ರ ಶಾಸನವಿದೆ. ಅಷ್ಟು ನುಣುಪಾಗಿ ಕೆತ್ತಲು ಸಾಧ್ಯವಾದದ್ದು ಅದು ಮರಳುಗಲ್ಲು ಆದ್ದರಿಂದ. ಹತ್ತಾರು ಕೋಟಿ ವರ್ಷಗಳ ಹಿಂದೆ ನೀರು ಹೊತ್ತು ತಂದು ಪದರ ಪದರವಾಗಿ ಹಾಸಿದ ಮರಳು, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾಗಿ ಕಲ್ಲಾಯಿತು. ಕಬ್ಬಿಣದ ಅಂಶ ಅದಕ್ಕೆ ಕೆಂಪು ಬಣ್ಣ ಕೊಟ್ಟಿತು. ಬಿಸಿಲು ಮಳೆಗೆ ಆ ಕಾಳುಗಳ ನಡುವಿನ ಅಂಟು ಕಳಚಿದರೆ ಕಲ್ಲು ಪುನಃ ಮರಳೇ ಆಗುತ್ತದೆ. ಗುಡ್ಡದ ಬುಡದಲ್ಲಿ ಆ ಮರಳಿನ ತೆಳುವಾದ ಹೊದಿಕೆ. ಅಲ್ಲಿಯವರು ಕೆಂಪು ನೆಲವನ್ನು ಮಸಾರಿ ಎನ್ನುತ್ತಾರೆ, ಮಲಪ್ರಭೆಯ ಕಡೆಗಿನ ಕಪ್ಪು ನೆಲವನ್ನು ಎರೆ ಎನ್ನುತ್ತಾರೆ. ಎರೆ ಹೊಲದವನಿಗೆ ಹೆಣ್ಣು ಬೇಗ ಸಿಗುತ್ತಿತ್ತು, ಗುಡ್ಡದ ಓರೆಯ ಮರಳು ಹೊಲದವನು ಸಜ್ಜೆ, ಶೇಂಗಾ ಬಿತ್ತಿಕೊಂಡು ಆಕಾಶ ನೋಡುತ್ತಿದ್ದ. ಅದನ್ನು ಕಣ್ಣಾರೆ ಕಂಡಿದ್ದ ನಾನು, ನಮ್ಮೂರಿನ ಮೂರು ಎಕರೆಯನ್ನೂ ಅದೇ ಲೆಕ್ಕಕ್ಕೆ ಹಾಕಿ ಬಡ ಮರಳು ಎಂದು ಕೈಬಿಟ್ಟಿದ್ದೆ.

ಭಾವನವರು ಏನೂ ಹೇಳದೆ ಮಳೆನೀರು ಕೊರೆದಿದ್ದ ಕೊರಕಲಿನ ಬಳಿ ಬಾಗಿ, ಮಣ್ಣಿನ ಗೋಡೆಯಿಂದ ಬೆಳ್ಳಗಿನ ಗಂಟೊಂದನ್ನು ಕೋಲಿನಿಂದ ಕೆದಕಿ ತೆಗೆದರು. ಗೋಲಿಗಿಂತ ದೊಡ್ಡದು, ಒರಟು ಒರಟು. “ಇದು ನಿಮ್ಮ ಬಾದಾಮಿಯಲ್ಲಿ ಇತ್ತಾ ಮೇಷ್ಟ್ರೇ? ಇದಕ್ಕೆ ನಾವು ಸುಕ್ಕಾನ್ ಕಲ್ ಅಂತೀವಿ.”

ಮನೆಗೆ ಬಂದು ನಮ್ಮಾಕೆಯ ಚೀಲದಲ್ಲಿ ಉಳಿದಿದ್ದ ನಿಂಬೆಹಣ್ಣನ್ನು ಕೊಯ್ದು ಆ ಗಂಟಿನ ಪುಡಿಯ ಮೇಲೆ ಹಿಂಡಿದೆ. ಬುಸ್ಸೆಂದು ನೊರೆ ಬಂತು. ಮಕ್ಕಳೆಲ್ಲ ಸುತ್ತ ಸೇರಿದರು. ಹುಳಿ ತಾಗಿದಾಗ ಗಾಳಿಗುಳ್ಳೆ ಬಿಟ್ಟರೆ ಅದು ಸುಣ್ಣ. ಬಾದಾಮಿಯ ಮರಳುಗಲ್ಲಿನ ಮಣ್ಣಿನ ಮೇಲೆ ಇದೇ ಪ್ರಯೋಗವನ್ನು ಎಷ್ಟೋ ಸಲ ಮಕ್ಕಳಿಂದ ಮಾಡಿಸಿದ್ದೆ, ಅಲ್ಲಿ ಹುಳಿ ಹಾಕಿದರೆ ಮಣ್ಣು ಒದ್ದೆಯಾಗುತ್ತಿತ್ತು ಅಷ್ಟೇ. ನನ್ನ ತಪ್ಪು ಎಲ್ಲಿದೆಯೆಂದು ಆ ನೊರೆಯನ್ನು ನೋಡುತ್ತಲೇ ಹೊಳೆಯಿತು.

ಎರಡೂ ಮರಳೇ. ಆದರೆ ಹುಟ್ಟು ಬೇರೆ. ಕೊಯಮತ್ತೂರು, ತಿರುಪ್ಪೂರಿನ ಈ ಸೀಮೆಯ ಕೆಳಗಿರುವುದು ಮರಳುಗಲ್ಲು ಅಲ್ಲ, ಅದಕ್ಕಿಂತ ಬಹಳ ಹಳೆಯದಾದ, 250 ಕೋಟಿ ವರ್ಷಗಳ ಆಸುಪಾಸಿನ ನೈಸ್ ಎಂಬ ಪಟ್ಟೆ ಪಟ್ಟೆಯ ಗಟ್ಟಿ ಕಲ್ಲು. ನಮ್ಮ ಕೊಳ್ಳೇಗಾಲದ ಬಂಡೆಯೂ ಅದೇ ಬಳಗದ್ದು. ಆ ಕಲ್ಲಿನಲ್ಲಿ ಬೆಣಚು ಇದೆ, ಅಭ್ರಕ ಇದೆ, ಜೊತೆಗೆ ಸುಣ್ಣ, ಪೊಟ್ಯಾಷ್ ಹಿಡಿದುಕೊಂಡ ಫೆಲ್ಡ್‌ಸ್ಪಾರ್ ಎಂಬ ಖನಿಜವಿದೆ. ಕಲ್ಲು ಕೊಳೆತಾಗ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ. ಬೆಣಚು ಮಾತ್ರ ಕೊಳೆಯುವುದಿಲ್ಲ, ಕಾಳಾಗಿ ಉಳಿದು ಮರಳಾಗುತ್ತದೆ. ಇಳಿಜಾರಿನಲ್ಲಿ ಬಿದ್ದ ಮಳೆ ನುಣುಪಾದ ಜೇಡಿಯನ್ನು ತೊಳೆದು ಹಳ್ಳಕ್ಕೆ ಇಳಿಸುತ್ತದೆ, ಒರಟು ಮರಳು, ಗರುಸು ದಿಣ್ಣೆಯಲ್ಲೇ ನಿಲ್ಲುತ್ತದೆ. ಬಸ್ಸಿನಿಂದ ನೋಡಿದ ಕೆಂಪು ದಿಣ್ಣೆ, ಕಪ್ಪು ಹಳ್ಳ ಎರಡಕ್ಕೂ ತಾಯಿ ಒಂದೇ ಕಲ್ಲು. ಇನ್ನು ಸುಣ್ಣ? ಮಲೆನಾಡಿನಂತೆ ಮಳೆ ಸುರಿದಿದ್ದರೆ ಅದೆಲ್ಲ ಕರಗಿ ಸಮುದ್ರ ಸೇರುತ್ತಿತ್ತು. ಇಲ್ಲಿ ಮಳೆ ಕಡಿಮೆಯಾದ್ದರಿಂದ ಕರಗಿದ ಸುಣ್ಣ ಒಂದೆರಡು ಅಡಿ ಕೆಳಗೆ ಹೋಗುವಷ್ಟರಲ್ಲಿ ನೀರು ಆರಿಹೋಗಿ, ಗಂಟು ಗಂಟಾಗಿ ಅಲ್ಲೇ ಕೂರುತ್ತದೆ. ಕೊಯಮತ್ತೂರಿನ ಪಕ್ಕದ ಮದುಕ್ಕರೈಯಲ್ಲಿ ಸುಣ್ಣಕಲ್ಲಿನ ಪಟ್ಟೆಯೇ ಇದ್ದು, 1930ರ ದಶಕದಲ್ಲೇ ಅಲ್ಲಿ ಸಿಮೆಂಟ್ ಕಾರ್ಖಾನೆ ಬಂತು.

ಮರಳುಗಲ್ಲಿನ ಮರಳಾದರೋ ಎರಡು ಸಲ ತೊಳೆದ ಪಾತ್ರೆ. ಯಾವುದೋ ಹಳೆಯ ಬೆಟ್ಟ ಕೊಳೆತಾಗ ಒಮ್ಮೆ ಸಾರ ಕಳೆದುಕೊಂಡು ನದಿಯಲ್ಲಿ ಉರುಳಿ, ಕಲ್ಲಾಗಿ, ಆ ಕಲ್ಲೂ ಪುಡಿಯಾಗಿ ಎರಡನೆಯ ಸಲ ಮಣ್ಣಾದದ್ದು. ಬೆಣಚು ಬಿಟ್ಟರೆ ಅದರಲ್ಲಿ ಉಳಿದದ್ದು ಕಡಿಮೆ. ನೈಸ್ ಕಲ್ಲಿನ ಮರಳು ಒಂದೇ ಸಲ ತೊಳೆದದ್ದು, ಅದರಲ್ಲಿ ಇನ್ನೂ ಅರೆಕೊಳೆತ ಫೆಲ್ಡ್‌ಸ್ಪಾರಿನ ಚೂರುಗಳಿವೆ, ಬುಡದಲ್ಲಿ ಸುಣ್ಣವಿದೆ. ನಾನು ಎರಡನ್ನೂ ಕೈಯಲ್ಲಿ ಉಜ್ಜಿ ಒಂದೇ ಎಂದಿದ್ದೆ.

(ಇದೇ ಸೀಮೆಯ ಕಲ್ಲಿನಲ್ಲಿ ಒಡವೆಯೂ ಇದೆ. ಕಾಂಗೇಯಂ ಹತ್ತಿರದ ಪಡಿಯೂರಿನಲ್ಲಿ ನೀಲಿಹಸಿರಿನ ಬೆರಿಲ್ ರತ್ನ ತೆಗೆಯುತ್ತಿದ್ದರು. ನೊಯ್ಯಲ್ ನದಿಯ ದಡದ ಕೊಡುಮಣಲ್‌ನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಮಣಿ ಮಾಡುವ ಕೆಲಸ ನಡೆಯುತ್ತಿದ್ದುದು ಉತ್ಖನನದಲ್ಲಿ ಕಂಡಿದೆ. ಈ ಮಾತು ಕೇಳಿದ ಮೇಲೆ ಮಕ್ಕಳು ಎರಡು ದಿನ ದಿಣ್ಣೆ ಬಿಟ್ಟು ಬರಲಿಲ್ಲ. ಸಿಕ್ಕಿದ್ದು ಮಿಂಚುವ ಅಭ್ರಕ, ಅದಕ್ಕೇ ಅವರಿಗೆ ಸಂತೋಷ.)

ಆ ರಾತ್ರಿ ಗುಡುಗು ಸಹಿತ ಮಳೆ ಬಂತು. ಅಕ್ಕ ಅಂಗಳದಲ್ಲಿ ಮರೆತಿದ್ದ ನೆಟ್ಟಗಿನ ಸ್ಟೀಲ್ ಡಬ್ಬಿಯಲ್ಲಿ ಬೆಳಿಗ್ಗೆ ಸ್ಕೇಲು ಇಟ್ಟು ನೋಡಿದೆ. ಸರಿಯಾಗಿ ಒಂದು ಅಂಗುಲ. “ಬನ್ನಿ ಮೇಷ್ಟ್ರೇ, ಈಗ ಪಾಠ ನಾನು ಮಾಡ್ತೀನಿ” ಎಂದು ಭಾವನವರು ಗುದ್ದಲಿ ಹೆಗಲಿಗೇರಿಸಿದರು.

ಮೊದಲು ಹಳ್ಳದ ಬದಿಯ ಕಪ್ಪು ಹೊಲ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಒಂದೊಂದು ಕಾಲಿಗೂ ಎರಡೆರಡು ಕೇಜಿ ಮಣ್ಣು. ಮೇಲೆ ನೀರು ನಿಂತಿತ್ತು. ಅಗೆದು ನೋಡಿದರೆ ತೇವ ಇಳಿದದ್ದು ಒಂದು ಗೇಣಿಗೂ ಕಡಿಮೆ. ಕೆಳಗೆ ಒಣ ಹೆಂಟೆ. ಆಮೇಲೆ ದಿಣ್ಣೆ. ಅಲ್ಲಿ ನೀರು ನಿಂತಿಲ್ಲ, ಕೆಸರಿಲ್ಲ, ರಾತ್ರಿ ಮಳೆಯೇ ಬಂದಿಲ್ಲವೇನೋ ಎಂಬಂತೆ ಮೇಲಿನ ಮರಳು ಆಗಲೇ ಆರುತ್ತಿತ್ತು. ಅಗೆದೆವು. ಒಂದು ಅಡಿ, ಅದಕ್ಕಿಂತ ಕೆಳಗೂ ತೇವ!

ಇದು ಪುಸ್ತಕದಲ್ಲಿ ನಾನು ಓದಿದ್ದ ವಿಷಯವೇ. ಒಂದು ಅಂಗುಲ ಮಳೆ ಮರಳಿನಲ್ಲಿ ಸುಮಾರು ಒಂದು ಅಡಿ ಇಳಿಯುತ್ತದೆ, ಜೇಡಿಯಲ್ಲಿ ನಾಲ್ಕೈದು ಅಂಗುಲ. ಮರಳು ನೀರು ಹಿಡಿಯುವುದಿಲ್ಲ ಎಂದು ನಾವು ಬೈಯುತ್ತೇವೆ. ನಿಜ, ಒಂದು ಮೀಟರ್ ಆಳದ ಮರಳು ಮಣ್ಣು ಗಿಡಕ್ಕೆಂದು ಇಟ್ಟುಕೊಳ್ಳುವ ನೀರು ಜೇಡಿಯ ಅರ್ಧಕ್ಕಿಂತಲೂ ಕಡಿಮೆ. ದೊಡ್ಡ ಮಳೆಯ ನಾಡಿನಲ್ಲಿ ಅದು ದೋಷವೇ. ಆದರೆ ಮಳೆ ಸಣ್ಣದು, ಬಿಸಿಲು ದೊಡ್ಡದು ಎಂಬ ಕಡೆ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಜೇಡಿಯು ಮೇಲಿನ ನಾಲ್ಕು ಅಂಗುಲದಲ್ಲಿ ಹಿಡಿದುಕೊಂಡದ್ದನ್ನು ಸೂರ್ಯ ವಾರದೊಳಗೆ ಕುಡಿದುಬಿಡುತ್ತಾನೆ. ಮರಳು ತನ್ನ ಪಾಲನ್ನು ಬಿಸಿಲಿಗೆ ಸಿಗದ ಆಳಕ್ಕೆ ಇಳಿಸಿ, ಮೇಲೆ ಒಣ ಮರಳಿನ ಮುಚ್ಚಳ ಹಾಕಿ ಕೂರುತ್ತದೆ. ಆ ಆಳದಲ್ಲಿ ಬೇರಿರುವ ಗಿಡ ಬೇಕು, ಅಷ್ಟೇ. ತೆಂಗಿಗೆ ಆ ಸ್ವಲ್ಪ ನೀರು ಸಾಲದು. ಹುಲ್ಲಿಗೆ ಸಾಕು.

ಹುಲ್ಲು ಎಂದೆನಲ್ಲ, ಅದನ್ನು ಹೇಳಲೇಬೇಕು. ಭಾವನವರ ದಿಣ್ಣೆ ಹೊಲವಲ್ಲ, ಕೊರಂಗಾಡು. ಕಾಂಗೇಯಂ ಸೀಮೆಯವರು ತಲೆಮಾರುಗಳಿಂದ ಇಂತಹ ದಿಣ್ಣೆಗಳನ್ನು ದನಕ್ಕೆಂದು ಬಿಟ್ಟು ಸಾಕಿಕೊಂಡು ಬಂದಿದ್ದಾರೆ. ಊರಿನ ಗೋಮಾಳವಲ್ಲ, ಒಬ್ಬೊಬ್ಬರ ಸ್ವಂತ ಭೂಮಿ. ಮೂರು ಗಿಡಗಳಿಂದ ಆದದ್ದು ಇದರ ಸಂಸಾರ. ನೆಲಕ್ಕೆ ಕೊಳುಕ್ಕಟ್ಟೈ ಎಂಬ ಹುಲ್ಲು, ನಮ್ಮ ಕೃಷಿ ಇಲಾಖೆಯವರು ಅಂಜನ್ ಹುಲ್ಲು ಎನ್ನುವುದು ಇದನ್ನೇ. ನೆರಳಿಗೆ ಬಿಳಿಜಾಲಿ ಮರ. ಬೇಲಿಗೆ ಮುಳ್‌ಕಿಳುವೈ ಎಂಬ ಮುಳ್ಳುಗಿಡ, ಕೊಂಬೆ ಕಡಿದು ನೆಟ್ಟರೆ ಚಿಗುರುತ್ತದೆ, ಕೆಲವು ವರ್ಷದಲ್ಲಿ ಹಾವೂ ನುಸುಳದಷ್ಟು ದಟ್ಟವಾಗುತ್ತದೆ. ದಿಣ್ಣೆಯನ್ನು ಈ ಬೇಲಿಯಿಂದ ಮೂರು ನಾಲ್ಕು ಪಾಲು ಮಾಡಿ, ದನಗಳನ್ನು ಒಂದೊಂದು ಪಾಲಿಗೆ ಸರದಿಯಲ್ಲಿ ಬಿಡುತ್ತಾರೆ. ಕಾಯುವವನು ಬೇಡ. ಅಕ್ಕ ಬೆಳಿಗ್ಗೆ ಬಿಟ್ಟು ಬಾಗಿಲಿಗೆ ಗಳ ಅಡ್ಡ ಇಟ್ಟು ಬರುತ್ತಾಳೆ, ಸಂಜೆ ಹೋಗಿ ಕೂಗಿದರೆ ಸಾಕು. ಬೇಸಿಗೆಯಲ್ಲಿ ಹುಲ್ಲು ನಿಂತಲ್ಲೇ ಒಣಗಿ ಮೇವಾಗುತ್ತದೆ, ಅದೂ ಮುಗಿಯುವ ಹೊತ್ತಿಗೆ ಬಿಳಿಜಾಲಿಯ ಕಾಯಿ ಉದುರಿ ಕುರಿಗಳಿಗೆ ಆಹಾರ. ಕೆಲವು ವರ್ಷಕ್ಕೊಮ್ಮೆ ಒಂದು ಪಾಲನ್ನು ಉತ್ತು ಜೋಳ, ಕಾಳು ಬಿತ್ತಿ ಮತ್ತೆ ಹುಲ್ಲಿಗೆ ಬಿಡುವುದೂ ಉಂಟು.

ಮಣ್ಣಿನ ದೃಷ್ಟಿಯಿಂದ ನೋಡಿದರೆ ಇದು ಮಹಾ ಬುದ್ಧಿವಂತಿಕೆ. ಇಳಿಜಾರಿನ ಮರಳು ಮಣ್ಣಿನ ಮೊದಲ ಶತ್ರು ನೇಗಿಲು. ಉತ್ತರೆ ಮಳೆಗೆ ಕೊಚ್ಚಿಹೋಗುತ್ತದೆ, ಆಷಾಢದ ಗಾಳಿಗೆ ಹಾರಿಹೋಗುತ್ತದೆ. ಹುಲ್ಲಿನ ಬುಡ ಆ ಮರಳನ್ನು ಹಿಡಿದು ಕೂತಿದೆ. ದನ ಅಲ್ಲೇ ಸಗಣಿ ಹಾಕುತ್ತದೆ. ಅಂಟಿಲ್ಲದ ಮಣ್ಣಿಗೆ ಅಂಟು ಕೊಡುವುದು ಈ ಸಗಣಿ, ಕೊಳೆತ ಬೇರುಗಳೇ. ಭಾವನವರ ಕೊರಂಗಾಡಿನ ಹುಲ್ಲಿನ ಬುಡದಿಂದ ಒಂದು ಹಿಡಿ, ಪಕ್ಕದಲ್ಲಿ ಉತ್ತು ಬಿಟ್ಟ ದಿಣ್ಣೆಯಿಂದ ಒಂದು ಹಿಡಿ ತೆಗೆದು ನೋಡಿದೆ. ಮೊದಲನೆಯದು ಹಿಡಿದರೆ ಉಂಡೆಯಾಗುತ್ತಿತ್ತು, ಎರಡನೆಯದು ಬೆರಳ ಸಂದಿಯಿಂದ ಸೋರಿತು.

ಕಾಂಗೇಯಂ ದನಗಳ ಬಗ್ಗೆ ಓದುಗರು ಕೇಳಿರಬಹುದು. 2017ರ ಜಲ್ಲಿಕಟ್ಟು ಚಳವಳಿಯ ಸಮಯದಲ್ಲಿ ಅವುಗಳ ಚಿತ್ರ ಪತ್ರಿಕೆಗಳಲ್ಲೆಲ್ಲ ಬಂತು. ಕರು ಹುಟ್ಟುವಾಗ ಕೆಂದು ಬಣ್ಣ, ಕೆಲವು ತಿಂಗಳಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಎತ್ತು ಗಟ್ಟಿ, ಗೊರಸು ಗಟ್ಟಿ. “ಈ ಮಣ್ಣಿನ ಸುಣ್ಣವೇ ಹುಲ್ಲಿಗೆ ಬಂದು ದನದ ಎಲುಬಿಗೆ ಬಂದಿದೆ” ಎಂಬುದು ಆ ಕಡೆಯವರ ನಂಬಿಕೆ. ನಿಂಬೆಹಣ್ಣಿನ ನೊರೆ ನೋಡಿದ ಮೇಲೆ ನನಗೂ ಇದು ಬರೀ ಮಾತು ಎನಿಸಲಿಲ್ಲ.

ಹಾಗೆಂದು ಎಲ್ಲವೂ ಚೆನ್ನಾಗಿದೆ ಎಂದು ಬರೆದರೆ ಸುಳ್ಳಾದೀತು. ಈ ಹಸು ಹಾಲು ಕೊಡುವುದು ಕಡಿಮೆ. ಉಳುವ ಎತ್ತಿನ ಕೆಲಸವನ್ನು ಟ್ರ್ಯಾಕ್ಟರ್ ಕಿತ್ತುಕೊಂಡಿದೆ. ಕೊರಂಗಾಡಿನ ಎಷ್ಟೋ ದಿಣ್ಣೆಗಳು ಮನೆ ನಿವೇಶನಗಳಾಗಿವೆ, ಗಾಳಿಯಂತ್ರಕ್ಕೆ ಹೋಗಿವೆ. ಭಾವನವರ ತಮ್ಮ ತಮ್ಮ ಪಾಲಿನ ಬೇಲಿ ಕಿತ್ತು ತೆಂಗು ಹಾಕಿದವರು. ಸಾವಿರ ಅಡಿ ದಾಟಿ ಬೋರ್ ಇಳಿಸಿದರು. ಈ ಗಟ್ಟಿ ಕಲ್ಲಿನ ಸೀಮೆಯಲ್ಲಿ ನೀರು ಇರುವುದು ಮೇಲಿನ ಕೊಳೆತ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ, ದಿಣ್ಣೆಯ ಮೇಲಂತೂ ಇನ್ನೂ ಕಡಿಮೆ. ಕೆಲವು ವರ್ಷ ನೀರು ಬಂತು. 2016ರಲ್ಲಿ ಹಿಂಗಾರು ಕೈಕೊಟ್ಟಿತು. 2017ರ ಬೇಸಿಗೆಗೆ ಬೋರ್ ನಿಂತಿತು, ಮರಗಳ ತಲೆ ಬಾಗಿ ಬಿದ್ದವು. ಆ ಬೊಡ್ಡೆಗಳನ್ನು ಭಾವನವರು ತೋರಿಸಿದರು. ಅದೇ ವರ್ಷ ಇವರ ಹುಲ್ಲೂ ಸುಟ್ಟುಹೋಗಿತ್ತು, ದನಗಳಲ್ಲಿ ಅರ್ಧ ಮಾರಿದ್ದರು. “ಅಳು ಬಂದಿತ್ತು ಮೇಷ್ಟ್ರೇ. ಆದರೆ ಮಳೆ ಬಂದ ಹತ್ತು ದಿನಕ್ಕೆ ಹುಲ್ಲು ತಾನೇ ಎದ್ದಿತು. ತೆಂಗು ಏಳಲಿಲ್ಲ.”

“ಹಾಗಾದರೆ ನಮ್ಮ ಹುಡುಗನಿಗೆ ಏನು ಹೇಳಲಿ ಭಾವ?”

“ನಾನೇನು ಹೇಳಲಿ? ನಿಮ್ಮ ಮಣ್ಣು ನಾನು ನೋಡಿಲ್ಲವಲ್ಲ. ಮೊದಲು ನೀವು ನೋಡಿ.”

ನಾಲ್ಕನೆಯ ದಿನ ಹೊರಟೆವು. ಅಕ್ಕ ಒಂದು ದಿಂಬಿನ ಚೀಲದ ತುಂಬ ಕೊಳುಕ್ಕಟ್ಟೈ ಬೀಜ ತುಂಬಿ ಕೊಟ್ಟಳು. ಹತ್ತಿಯ ಹಾಗೆ ಹಗುರ, ಒಂದು ಕಿಲೋ ಕೂಡ ಇರಲಿಲ್ಲ. ಭಾವನವರು ಕಿಳುವೈ ಕೊಂಬೆಗಳ ಕಟ್ಟೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿದರು. ತಿರುಪ್ಪೂರಿನಲ್ಲಿ ಬಸ್ಸು ನೊಯ್ಯಲ್ ಸೇತುವೆಯ ಮೇಲೆ ನಿಂತಾಗ ಕೆಳಗೆ ನೋಡಿದೆ. ಬನಿಯನ್ ಕಾರ್ಖಾನೆಗಳ ಬಣ್ಣದ ನೀರು ಈ ನದಿಗೆ ಸೇರಿ, 1992ರಲ್ಲಿ ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಉಪ್ಪುನೀರಿನ ತೊಟ್ಟಿಯಾಯಿತು. ರೈತರು ನ್ಯಾಯಾಲಯದ ಮೆಟ್ಟಿಲೇರಿ, 2011ರಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನೇ ಮುಚ್ಚಿಸುವ ಆದೇಶ ಮಾಡಬೇಕಾಯಿತು. ಅಲ್ಲಿ ಕೆಟ್ಟದ್ದು ಹೊಳೆಬದಿಯ ಫಲವತ್ತಾದ ಭೂಮಿ. ಜೇಡಿ ಒಮ್ಮೆ ಉಪ್ಪನ್ನು ಹಿಡಿದರೆ ಸುಲಭಕ್ಕೆ ಬಿಡದು. ದಿಣ್ಣೆಯ ಬಡ ಮರಳಿಗೆ ಆ ನೀರು ಹತ್ತಲೂ ಇಲ್ಲ, ಹತ್ತಿದ್ದರೂ ನಾಲ್ಕು ಒಳ್ಳೆಯ ಮಳೆಗೆ ತೊಳೆದುಹೋಗುತ್ತಿತ್ತು.

ಬಸ್ಸು ಬದಲಿಸಲು ಕೊಯಮತ್ತೂರಿನಲ್ಲಿ ಇಳಿದೆವು. ಅಲ್ಲಿನ ಕೃಷಿ ವಿಶ್ವವಿದ್ಯಾಲಯದಲ್ಲಿ, ಅದು ಇನ್ನೂ ಕಾಲೇಜಾಗಿದ್ದ 1909ರಲ್ಲಿ ಕೆಂಪು ಮಣ್ಣಿನ ಮೇಲೆ ಶುರುಮಾಡಿದ ಗೊಬ್ಬರದ ಪ್ರಯೋಗವೊಂದು ನೂರು ವರ್ಷ ದಾಟಿ ನಡೆದುಕೊಂಡು ಬಂದಿದೆ. ಒಂದು ಪಾಲಿಗೆ ಗೊಬ್ಬರವೇ ಇಲ್ಲ, ಒಂದಕ್ಕೆ ರಾಸಾಯನಿಕ ಗೊಬ್ಬರ, ಒಂದಕ್ಕೆ ವರ್ಷವರ್ಷವೂ ಕೊಟ್ಟಿಗೆ ಗೊಬ್ಬರ. ಕೊಟ್ಟಿಗೆ ಗೊಬ್ಬರ ಕಂಡ ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚಿದೆ. ಭಾವನವರ ಹುಲ್ಲಿನ ಬುಡದ ಉಂಡೆಯನ್ನು ಹಿಡಿದು ನೋಡಿದ್ದ ನನಗೆ ಇದರಲ್ಲಿ ಆಶ್ಚರ್ಯವಾಗಲಿಲ್ಲ.

ಊರಿಗೆ ಬಂದ ಮಾರನೆಯ ದಿನವೇ ನಮ್ಮ ಮೂರು ಎಕರೆಗೆ ಹೋದೆ. ಐದು ಕಡೆ ಅಗೆದೆ. ಮೇಲಿನ ಭಾಗದಲ್ಲಿ ನಿಂಬೆರಸಕ್ಕೆ ಏನೂ ಆಗಲಿಲ್ಲ. ಕೆಳಗಿನ ಒಂದು ಎಕರೆಯಲ್ಲಿ, ಒಂದೂವರೆ ಅಡಿ ಆಳದಲ್ಲಿ, ಬಂಡೆಗೆ ತಾಗಿ ಬಿಳಿ ಚುಕ್ಕೆಗಳಿದ್ದವು. ಅಲ್ಲಿ ನೊರೆ ಬಂತು, ಸಣ್ಣಗೆ. ಐದೂ ಮಣ್ಣನ್ನು ಗಾಜಿನ ಬಾಟಲಿಗಳಿಗೆ ಅರ್ಧ ತುಂಬಿ, ನೀರು ಹಾಕಿ, ಚೆನ್ನಾಗಿ ಅಲ್ಲಾಡಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮರಳು ಒಂದು ನಿಮಿಷದಲ್ಲಿ ತಳಕ್ಕೆ ಕೂರುತ್ತದೆ, ಜೇಡಿ ಕೂರಲು ಒಂದು ದಿನ, ಕೆಲವೊಮ್ಮೆ ಎರಡು ದಿನ. ಮನೆಯಲ್ಲಿ ಯಾರು ಬೇಕಾದರೂ ಮಾಡಿ ನೋಡಬಹುದು, ಬಾಟಲಿಯ ಪದರಗಳನ್ನು ಸ್ಕೇಲಿನಿಂದ ಅಳೆದರೆ ನಿಮ್ಮ ಮಣ್ಣಿನಲ್ಲಿ ಯಾವುದು ಎಷ್ಟು ಎಂದು ತಿಳಿಯುತ್ತದೆ.

ದೀಪಾವಳಿ ರಜೆಗೆ ಬಂದ ಮಗ ಬಾಟಲಿಗಳನ್ನು ನೋಡಿ, “ಏನಪ್ಪಾ ಇದು, ಮತ್ತೆ ಸ್ಕೂಲ್ ಶುರು ಮಾಡಿದ್ರಾ?” ಎಂದ. ಹೇಳಿದೆ. ಸುಣ್ಣ, ಒಂದು ಅಂಗುಲ ಮಳೆ, ತೆಂಗಿನ ಬೊಡ್ಡೆ, ಎಲ್ಲ. ಅವನು ಒಪ್ಪಿದ ಎಂದೇನೂ ಅಲ್ಲ. ಹುಲ್ಲು ಮಾರಿ ಎಷ್ಟು ಬರುತ್ತೆ ಎಂದು ಕೇಳಿದ. ಹೆಚ್ಚು ಬರುವುದಿಲ್ಲ ಎಂದೆ. ಬಹಳ ಹೊತ್ತು ಸುಮ್ಮನಿದ್ದು, “ಎರಡು ವರ್ಷ ಬೋರ್ ಮಾತು ಬೇಡ. ಆಮೇಲೆ ನೋಡೋಣ” ಎಂದ. ಬಳೆಗಳು ಬೀರುವಿನಲ್ಲೇ ಉಳಿದವು. ಅಮ್ಮನ ಮುಖ ನೋಡಿಯೇ ಹಾಗೆ ಹೇಳಿದನೇನೋ, ಗೊತ್ತಿಲ್ಲ.

ಕೆಳಗಿನ ಎಕರೆಗೆ ಬೇಲಿಗೆಂದು ನಲವತ್ತು ಕಿಳುವೈ ಕೊಂಬೆ ನೆಟ್ಟೆವು. ಮೂವತ್ತೊಂದು ಚಿಗುರಿವೆ. ಹುಲ್ಲು ಅರ್ಧದಷ್ಟು ಕಡೆ ಎದ್ದಿದೆ, ಮೇಲಿನ ಭಾಗದಲ್ಲಿ ಎದ್ದಿಲ್ಲ. ಅಲ್ಲಿಗೆ ಸಗಣಿ ಗೊಬ್ಬರ ಹೊರಿಸಬೇಕು. ಹಸು ಇನ್ನೂ ತಂದಿಲ್ಲ. ಭಾವನವರು ಫೋನ್ ಮಾಡಿದಾಗಲೆಲ್ಲ, “ಮೇಷ್ಟ್ರೇ, ಹುಲ್ಲು ಬೀಜ ಉದುರಿಸುವವರೆಗೆ ದನ ಬಿಡಬೇಡಿ, ಆತುರ ಬೇಡ” ಎನ್ನುತ್ತಾರೆ. ಬೇಸಿಗೆ ಕಳೆದು ಅಕ್ಕ, ಭಾವ ಇಬ್ಬರೂ ಬಂದು ನೋಡುತ್ತೇವೆ ಎಂದಿದ್ದಾರೆ. ನಿಂಬೆಹಣ್ಣು ತಾನೇ ತರುತ್ತಾಳಂತೆ ಅಕ್ಕ, ಘಟ್ಟ ಹತ್ತುವಾಗ ಅವಳಿಗೂ ತಲೆ ಸುತ್ತುತ್ತದೆ.